ಗೇಜಿನ ಮೇಲ್ಗೆರೆ ದಾಟಿದ ಎಣ್ಣೆ

ಇಂಜಿನ್ನಿನ ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿದ ಕೂಡಲೇ ಎಣ್ಣೆ ಸುರಿದ ರೀತಿ ನೋಡಿಯೇ ನನಗೆ ತಲೆ ಕೆಟ್ಟಿತು. ಡೀಸೆಲ್ ಇಂಜಿನ್ನಿನ ಹಳೆ ಎಣ್ಣೆ ಕಪ್ಪಗಿರುವುದು ಸಹಜ, ಅದಕ್ಕೆ ಯಾರೂ ಹೆದರಬೇಕಿಲ್ಲ. ಆದರೆ ಕಪ್ಪಗಿದ್ದರೂ ಅದಕ್ಕೊಂದು ಮೈ ಇರಬೇಕು, ದಾರ ಕಟ್ಟಿ ನಿಧಾನಕ್ಕೆ ಇಳಿಯಬೇಕು. ಇದು ನಲ್ಲಿಯ ನೀರಿನ ಹಾಗೆ ರಪ್ಪನೆ ತಗಡಿನ ಡಬ್ಬಿಗೆ ಬಿದ್ದು ನನ್ನ ಕಾಲ ಮೇಲೆಲ್ಲ ಸಿಡಿಯಿತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಡೀಸೆಲ್ ವಾಸನೆ ಮೂಗಿಗೆ ಹೊಡೆಯಿತು.

ಬೀದರಿನ ಹೊರವಲಯದಲ್ಲಿ ನನ್ನದೊಂದು ಗ್ಯಾರೇಜು ಇದೆ. ಪಿಕಪ್ ಗಾಡಿಗಳ ಇಂಜಿನ್ ಕೆಲಸವೇ ಹೆಚ್ಚು. ಅವತ್ತು ಬಂದಿದ್ದ ಗಾಡಿ ಭಾಲ್ಕಿಯ ಒಬ್ಬ ಹಾಲಿನ ವ್ಯಾಪಾರಿಯದು. ಔರಾದ ಕಡೆಯ ಹಳ್ಳಿಗಳಿಂದ ಹಾಲಿನ ಕ್ಯಾನು ಹೇರಿಕೊಂಡು ಭಾಲ್ಕಿಗೆ ತರುವುದು ಅದರ ಕೆಲಸ. ಇಂಜಿನ್ ಬಿಸಿಯಾದಾಗ ಎಣ್ಣೆಯ ಕೆಂಪು ದೀಪ ಮಿಣುಕುತ್ತದೆ, ಟರ್ಬೊ ಕೀರಲು ಹಿಡಿದಿದೆ ಎಂದು ಕರೆದುಕೊಂಡು ಬಂದಿದ್ದರು. ಕರೆದುಕೊಂಡು ಬಂದವರು ಮೂವರು: ಮಾಲಕ, ಮಾಲಕನ ಸೋದರಳಿಯ, ಮತ್ತು ಗಾಡಿಯ ಡ್ರೈವರ್. ಮೊದಲಿನ ಇಬ್ಬರು ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಡ್ರೈವರ್ ಬಿಸಿಲಲ್ಲಿ ನಿಂತಿದ್ದ, ಕೂಡು ಎಂದರೂ ಕೂಡಲಿಲ್ಲ.

ಮಾಲಕ ಎದ್ದು ಬಂದು ಡಬ್ಬಿಯೊಳಗೆ ಇಣುಕಿದ. "ಮೇಡಂ, ಒಂದ ಮಾತ ಹೇಳ್ರಿ. ಇದರಾಗ ಡೀಸೆಲ್ ಅದನೋ, ಇಲ್ಲೋ?"

"ಅದ" ಎಂದೆ. ಇದ್ದದ್ದನ್ನು ಇದೆ ಎಂದು ಹೇಳುವುದು ನನ್ನ ಕಸುಬು. ಇವತ್ತು ಕೇಳಿದರೂ ಹಾಗೇ ಹೇಳುತ್ತೇನೆ.

ಆತ ನನ್ನ ಕಡೆ ಮತ್ತೆ ನೋಡಲೇ ಇಲ್ಲ. ಡ್ರೈವರ್ ಕಡೆ ತಿರುಗಿ, "ಕೇಳ್ದಿ? ಈಗ ಏನ್ ಹೇಳ್ತಿ?" ಎಂದ. "ನಾ ಕೊಟ್ಟ ಹೊಸ ಎಣ್ಣಿ ಟ್ರ್ಯಾಕ್ಟರದವ್ರಿಗಿ ಮಾರಿ, ಕಡಿಮಿ ಬಿದ್ದದ್ದಕ್ಕ ಡೀಸೆಲ್ ಸುರದಿ. ನನ್ನ ಗಾಡಿ, ನನ್ನ ಡೀಸೆಲ್, ನನ್ನ ಎಣ್ಣಿ. ನಾಚಿಕಿ ಬರಂಗಿಲ್ಲ ನಿನಗ?"

ಡ್ರೈವರ್ ವಯಸ್ಸಿನಲ್ಲಿ ನನಗಿಂತ ಹಿರಿಯ, ಐವತ್ತು ದಾಟಿರಬೇಕು. ಔರಾದ ಹತ್ತಿರದ ಕುರಿ ಸಾಕುವ ಮನೆತನದವನು. ಅಣ್ಣ ತಮ್ಮಂದಿರು ಇನ್ನೂ ಕುರಿ ಹಿಂದೆ ಅಡ್ಡಾಡುತ್ತಾರೆ, ಇವನೊಬ್ಬ ಸ್ಟೇರಿಂಗ್ ಹಿಡಿದವನು. "ಇಲ್ಲರಿ ಮಾಲಕರ, ನಾ ಒಂದ ಹನಿನೂ ಮುಟ್ಟಿಲ್ಲ" ಎಂದ. ಆಮೇಲೆ ನನ್ನ ಕಡೆ ನೋಡಿ, ತನಗೆ ಒಳ್ಳೆಯದಾಗುತ್ತದೆ ಎಂದು ತಿಳಿದು ಇನ್ನೊಂದು ಮಾತು ಸೇರಿಸಿದ. "ಈ ಗಾಡಿ ಎಣ್ಣಿ ತಿನ್ನಂಗೇ ಇಲ್ಲ ತಂಗಿ. ದಿನಾ ಮುಂಜಾನಿ ಗೇಜ ಕಡ್ಡಿ ತಗದು ಎಣ್ಣಿ ಎಷ್ಟದ ನೋಡ್ತೇನಿ. ಒಂದ್ ಗೆರಿ ಇಳಿಯಂಗಿಲ್ಲ, ಮ್ಯಾಲ ಮ್ಯಾಲ ಏರ್ತದ. ಭಾಳ ಛಲೋ ಇಂಜಿನ್ ಅಂತ ನಾ ಖುಷಿ ಪಟ್ಟಿದ್ದೆ."

ಸೋದರಳಿಯ ಕಿಸಕ್ಕನೆ ನಕ್ಕ. "ಎಣ್ಣಿ ತಾನ ಹುಟ್ಟತದೇನೋ? ನಿಮ್ಮ ಕುರಿ ಮರಿ ಹಾಕ್ದಂಗ?"

ಮಾಲಕ ನಗಲಿಲ್ಲ. "ಮಾತ ಬ್ಯಾಡ. ಮೈಲಾರಕ್ಕ ನಡಿ. ಮಲ್ಲಣ್ಣನ ಮುಂದ ಭಂಡಾರ ಎತ್ತಿ, ನಾ ಕದ್ದಿಲ್ಲ ಅನ್ನು. ನಾ ಆಗಿಂದಾಗ ಬಿಟ್ಟಬಿಡ್ತೀನಿ."

ಭಂಡಾರ ಎಂದರೆ ಮೈಲಾರದ ಗುಡಿಯ ಮಲ್ಲಣ್ಣ ದೇವರ ಅರಿಶಿನ ಪುಡಿ. ಅದನ್ನು ಕೈಯಲ್ಲಿ ಎತ್ತಿ ಹೇಳಿದ ಮಾತು ಸುಳ್ಳಾದರೆ ಮನೆ ಮಂದಿ, ಕುರಿ ಹಿಂಡು ಎಲ್ಲಕ್ಕೂ ಕೇಡು ಎಂದು ಆ ಕಡೆ ನಂಬುತ್ತಾರೆ. ಕದ್ದಿಲ್ಲದವನಿಗೆ ಇದು ಹೂ ಎತ್ತಿದಷ್ಟು ಹಗುರ ಎಂದು ನಾನು ತಿಳಿದಿದ್ದೆ. ಡ್ರೈವರ್ ತಲೆ ಅಲ್ಲಾಡಿಸಿದ. "ಎಣ್ಣಿ ಸಲುವಾಗಿ ಭಂಡಾರ ಎತ್ತಂಗಿಲ್ಲರಿ. ನಮ್ಮ ಮನ್ಯಾಗ ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ, ಒಮ್ಮೆ ಎತ್ತಿದ್ದ, ಅದೂ ಒಂದ್ ಜೀವದ ಮಾತಿಗಿ. ಸಾಮಾನಿನ ಸಲುವಾಗಿ ಎತ್ತಬ್ಯಾಡ್ರಿ ಅಂತ ಹೇಳಿ ಸತ್ತಾನ."

"ನೋಡ್ರಿ ಮೇಡಂ" ಎಂದು ಮಾಲಕ ಕೈ ಚೆಲ್ಲಿದ. ಆತನ ಮಟ್ಟಿಗೆ ಕಳ್ಳ ಸಿಕ್ಕಿಬಿದ್ದಾಗಿತ್ತು. ಬರುವ ಅಮಾವಾಸ್ಯೆಗೆ ಗಡುವು ಕೊಟ್ಟ. ನಮ್ಮ ಕಡೆ ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು ನಿಂಬೆಹಣ್ಣು ಕಟ್ಟಿ ಕಾಯಿ ಒಡೆಯುತ್ತಾರೆ. ಆತನ ಅಂಗಳದಲ್ಲಿ ಅವತ್ತು ಹಾಲು ತರುವ ಎಲ್ಲ ಲೈನಿನ ಡ್ರೈವರುಗಳೂ ಸೇರುತ್ತಾರೆ. ಎಲ್ಲರ ಎದುರಿಗೆ ಇವನು ಭಂಡಾರ ಎತ್ತಬೇಕು, ಇಲ್ಲವೇ ಕಳ್ಳ ಎನಿಸಿಕೊಂಡು ಕೀಲಿಕೈ ಇಟ್ಟು ಹೋಗಬೇಕು. ಗಾಡಿಯ ಎಣ್ಣೆ ಕದ್ದವನು ಎಂದು ಒಮ್ಮೆ ಹೆಸರು ಬಿತ್ತೋ, ಭಾಲ್ಕಿಯಿಂದ ಔರಾದವರೆಗೆ ಅವನ ಕೈಗೆ ಯಾರೂ ಕೀಲಿ ಕೊಡುವುದಿಲ್ಲ. ಅದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ನನಗೆ ಈ ಡ್ರೈವರ್ ನೆಂಟನಲ್ಲ, ಪರಿಚಯದವನೂ ಅಲ್ಲ. ಆದರೆ ಒಂದು ವಿಷಯ ನನಗೆ ಗಂಟಲಲ್ಲಿ ಮುಳ್ಳಾಗಿ ಕೂತಿತು. ಬೋಲ್ಟ್ ಬಿಚ್ಚುವ ಮುಂಚೆ ನಾನೇ ಗೇಜು ತೆಗೆದು ನೋಡಿದ್ದೆ. ಎಣ್ಣೆ ಮೇಲ್ಗೆರೆಗಿಂತ ಒಂದು ಬೆರಳು ಮೇಲಿತ್ತು. ಕದ್ದವನು ಕದ್ದದ್ದು ಕಾಣಬಾರದೆಂದು ಗೆರೆಗೆ ಸರಿಯಾಗಿ ತುಂಬಿಸುತ್ತಾನೆ. ಗೆರೆ ದಾಟಿಸಿ ತುಂಬಿಸುವ ಕಳ್ಳ ಎಂಥವನು? ಹೀಗೆ ಕೇಳಿದ್ದಕ್ಕೆ ಮಾಲಕ, "ಕುಡ್ದು ಸುರದಾನರಿ" ಎಂದ. ಡ್ರೈವರ್ ಕುಡಿಯುತ್ತಾನೆಯೇ ಎಂದು ಕೇಳಿದೆ. "ಇಲ್ಲ, ಆದ್ರ ಅವತ್ತ ಕುಡದಿರಬೇಕು" ಎಂದ. ಇಂಥ ವಕೀಲಿಗೆ ಏನು ಹೇಳುವುದು!

ಗಾಡಿಯನ್ನು ನನ್ನ ಹತ್ತಿರವೇ ಇರಿಸಿಕೊಂಡು ಕೆಲಸಕ್ಕೆ ಇಳಿದೆ. ಎಣ್ಣೆಗೆ ಡೀಸೆಲ್ ಸೇರುವ ದಾರಿಗಳು ಬಹಳ ಇಲ್ಲ. ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರಬಹುದು. ನಾಲ್ಕಕ್ಕೂ ಪೈಪು ಹಾಕಿ ವಾಪಸು ಬರುವ ಡೀಸೆಲನ್ನು ನಾಲ್ಕು ಬಾಟಲಿಗಳಲ್ಲಿ ಹಿಡಿದೆ, ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ, ಅಂದರೆ ಯಾವುದೂ ಕೆಟ್ಟಿರಲಿಲ್ಲ. ಡೀಸೆಲ್ ಪಂಪಿನ ಸೀಲು ಹರಿದಿರಬಹುದು. ಬಿಚ್ಚಿ ನೋಡಿದೆ, ಒಣಗಿತ್ತು. ಆಮೇಲೆ ಇಂಜಿನ್ನಿನ ಲೆಕ್ಕವೆಲ್ಲ ಪರದೆಯ ಮೇಲೆ ತೋರಿಸುವ ಸ್ಕ್ಯಾನರ್ ಹಚ್ಚಿದೆ. ಅಲ್ಲಿ ಸಿಕ್ಕಿತು ಕಥೆ.

ಈಗಿನ ಪಿಕಪ್ಪುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಇಂಜಿನ್ ತಾನೇ ಹೆಚ್ಚಿಗೆ ಡೀಸೆಲ್ ಬಿಟ್ಟುಕೊಂಡು, ಫಿಲ್ಟರನ್ನು ಕಾಯಿಸಿ, ಮಸಿಯನ್ನು ಸುಡುತ್ತದೆ. ಆಗ ಮುಂದೆ ಒಂದು ಹಳದಿ ದೀಪ ಹತ್ತುತ್ತದೆ. ಅದು ಆರುವತನಕ ಗಾಡಿ ನಿಲ್ಲಿಸದೆ ಒಂದೇ ಓಟದಲ್ಲಿ ಓಡಿಸಬೇಕು. ನಡುವೆ ಇಂಜಿನ್ ಬಂದ್ ಮಾಡಿದರೆ ಸುಡುವ ಕೆಲಸ ಅರ್ಧಕ್ಕೇ ನಿಂತು, ಮುಂದಿನ ಸಲ ಮೊದಲಿನಿಂದ ಶುರುವಾಗುತ್ತದೆ. ಪ್ರತಿಸಲ ಬಿಟ್ಟ ಆ ಹೆಚ್ಚಿನ ಡೀಸೆಲ್‌ನಲ್ಲಿ ಒಂದಷ್ಟು ಪಿಸ್ಟನ್ ಪಕ್ಕದಿಂದ ಜಾರಿ ಕೆಳಗಿನ ಎಣ್ಣೆಗೆ ಸೇರುತ್ತದೆ. ಸ್ಕ್ಯಾನರಿನಲ್ಲಿ ಶುರುವಾದ ಸುಡುವಿಕೆಗಳು ಲೆಕ್ಕವಿಲ್ಲದಷ್ಟಿದ್ದವು. ಮುಗಿದದ್ದು ಹುಡುಕಿದರೂ ಸಿಗಲಿಲ್ಲ.

ಯಾಕೆ ಮುಗಿಯುತ್ತಿರಲಿಲ್ಲ ಎಂಬುದು ಡ್ರೈವರನ್ನು ಕೇಳಿದಾಗ ತಿಳಿಯಿತು. ಹೋಗುವಾಗ ಖಾಲಿ ಕ್ಯಾನು ಇಳಿಸುತ್ತ, ಬರುವಾಗ ತುಂಬಿದ ಕ್ಯಾನು ಹೇರುತ್ತ ಪ್ರತಿ ಹಳ್ಳಿಯ ಮುಂದೆ ನಿಲ್ಲಬೇಕು. ನಿಂತಲ್ಲೆಲ್ಲ ಇಂಜಿನ್ ಬಂದ್ ಮಾಡಬೇಕು, ಅದು ಮಾಲಕನ ಹುಕುಂ. ಡೀಸೆಲ್ ಉಳಿಸಲಿಕ್ಕೆ ಗಾಡಿಗೊಂದು ಯಂತ್ರ ಕೂರಿಸಿದ್ದ. ನಿಂತ ಗಾಡಿಯ ಇಂಜಿನ್ ಚಾಲೂ ಇದ್ದರೆ ಆತನ ಮೊಬೈಲು ಕಿರುಚುತ್ತಿತ್ತು, ಆಮೇಲೆ ಆತ ಡ್ರೈವರನ ಮೊಬೈಲಿಗೆ ಕಿರುಚುತ್ತಿದ್ದ.

"ಹಳದಿ ದೀಪ ಹತ್ತಿದ್ದು ನೋಡಿಲ್ಲೇನು ಅಣ್ಣಾ?" ಎಂದೆ.

"ಮೊದಲ ಹತ್ತತಿತ್ತರಿ. ಕೇಳಿದ್ದಕ್ಕ ಅಳಿಯಾರು ಅದು ಹೊಗಿ ದೀಪ, ಆರ್‌ಟಿಓ ಸಾಹೇಬ್ರು ಹಿಡಿಯೋದಕ್ಕಷ್ಟ ಅದ, ಅಂದ್ರು. ಮತ್ತ ಅದರ ಮ್ಯಾಲ ಟಿಕಳಿ ಹಚ್ಚಿಬಿಟ್ರು."

ಹೋಗಿ ನೋಡಿದರೆ ಖರೆ. ಆ ದೀಪದ ಮೇಲೆ ಹೆಂಗಸರು ಹಣೆಗಿಡುವ ಕೆಂಪು ಟಿಕಳಿ ಭದ್ರವಾಗಿ ಕೂತಿತ್ತು. ಉಗುರಿನಿಂದ ಕಿತ್ತು ತೆಗೆದೆ. ಗಾಡಿಯನ್ನು ಕೊಲ್ಲಲಿಕ್ಕೆ ಇಷ್ಟು ಅಗ್ಗದ ಸಾಮಾನು ಸಾಕು ಎಂದು ನನಗೂ ಗೊತ್ತಿರಲಿಲ್ಲ.

ಎಣ್ಣೆಯ ಕಥೆ ಇನ್ನೂ ಚೆಂದ. ತನ್ನ ಟ್ರ್ಯಾಕ್ಟರಿಗೆ ತಂದಿಟ್ಟ ಡ್ರಮ್ಮಿನಿಂದಲೇ ಮಾಲಕ ಪಿಕಪ್ಪಿಗೂ ಎಣ್ಣೆ ಕೊಡುತ್ತಿದ್ದ. ಆ ಎಣ್ಣೆ ಕೆಟ್ಟದ್ದೇನಲ್ಲ, ಟ್ರ್ಯಾಕ್ಟರಿಗೆ ಒಳ್ಳೆಯದೇ. ಆದರೆ ಅದು ಸುಟ್ಟಾಗ ಬೂದಿ ಹೆಚ್ಚು ಉಳಿಯುತ್ತದೆ. ಮಸಿಯನ್ನಾದರೂ ಸುಡಬಹುದು, ಬೂದಿಯನ್ನು ಸುಡಲಿಕ್ಕಾಗುವುದಿಲ್ಲ. ಅದು ಫಿಲ್ಟರಿನಲ್ಲಿ ಗಾರೆಯ ಹಾಗೆ ಕೂತು ಜಾಗ ತಿನ್ನುತ್ತದೆ. ಜಾಗ ಕಡಿಮೆಯಾದಷ್ಟೂ ಹಳದಿ ದೀಪ ಬೇಗ ಬೇಗ ಹತ್ತುತ್ತದೆ. ಈ ಇಂಜಿನ್ನಿಗೆ ಬೇಕಾದದ್ದು ಬೂದಿ ಕಡಿಮೆ ಬಿಡುವ ಹೊಸ ದರ್ಜೆಯ ಎಣ್ಣೆ. ಡಬ್ಬಿಯ ಹಿಂಬದಿ ಸಿಕೆ-4 ಎಂದು ಬರೆದಿರಬೇಕು. 15ಡಬ್ಲ್ಯೂ-40 ಎಂಬುದನ್ನಷ್ಟೇ ನೋಡಿ ತಂದರೆ ಸಾಲದು, ಅದು ಎಣ್ಣೆ ಎಷ್ಟು ದಪ್ಪ ಎಂದು ಹೇಳುತ್ತದೆಯೇ ಹೊರತು ಬೂದಿಯ ಸುದ್ದಿ ಹೇಳುವುದಿಲ್ಲ. ಇನ್ನು ಬದಲಿಸುವ ಅಂತರ. ಗಾಡಿಯ ಪುಸ್ತಕದಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್ ಎಂದಿತ್ತು, ಮಾಲಕನಿಗೆ ಆ ಅಂಕಿ ಬಾಯಿಪಾಠ. ಅದರ ಕೆಳಗಿನ ಸಾಲನ್ನು ಯಾರೂ ಓದುವುದಿಲ್ಲ. ಧೂಳು, ಭಾರ, ಮೇಲಿಂದ ಮೇಲೆ ನಿಂತು ಹೊರಡುವ ಓಡಾಟ ಇದ್ದರೆ ಅರ್ಧಕ್ಕೇ ಬದಲಿಸಿ ಎಂದು ಅಲ್ಲಿರುತ್ತದೆ. ಔರಾದ ಲೈನಿನಲ್ಲಿ ಈ ಮೂರೂ ಇದ್ದವು. ನಾನಾದರೆ ಅರ್ಧಕ್ಕೂ ಕಾಯುವುದಿಲ್ಲ, ಗೇಜು ಗೆರೆ ದಾಟಿತೋ ಅವತ್ತೇ ಇಳಿಸುತ್ತೇನೆ.

ಇಷ್ಟನ್ನೂ ಮಾಲಕನನ್ನು ಕರೆಸಿ, ಸ್ಕ್ಯಾನರ್ ತೋರಿಸಿ ಹೇಳಿದೆ. ಆತ ಪೂರ್ತಿ ಕೇಳಿಸಿಕೊಂಡ. ಕೇಳಿದ ಮೇಲೆ ಅಳಿಯನ ಕಡೆ ನೋಡಿ ನಕ್ಕ. "ಮೇಡಂ, ನಿಮ್ಮ ಟಿವ್ಯಾಗ ಏನ್ ಬೇಕಾದ್ರೂ ಬರ್ತದ. ಅವ ಭಂಡಾರ ಯಾಕ ಎತ್ತಲಿಲ್ಲ, ಅದಕ್ಕ ಜವಾಬ ಕೊಡ್ರಿ. ನಿಮಗ ತಿಳಿಯಂಗಿಲ್ಲ ಬಿಡ್ರಿ, ನೀವು ಚರ್ಚಿನವ್ರು."

ನನಗೆ ರೇಗಿತು. "ಹಂಗಾದ್ರ ನಿಮ್ಮ ಕೈಲೇ ಸೀಲ್ ಹಾಕ್ರಿ" ಎಂದೆ. ಹಾಲಿನ ಟ್ಯಾಂಕರಿನ ಮುಚ್ಚಳಕ್ಕೆ ಹಾಕುವ ನಂಬರ್ ಇರುವ ಪ್ಲಾಸ್ಟಿಕ್ ಸೀಲು ಆತನ ಹತ್ತಿರ ಕಟ್ಟುಗಟ್ಟಲೆ ಇದ್ದವು. ಹೊಸ ಎಣ್ಣೆ, ಹೊಸ ಎಣ್ಣೆ ಫಿಲ್ಟರ್ ಹಾಕಿ ಗೇಜಿನ ಮೇಲ್ಗೆರೆಗೆ ಸರಿಯಾಗಿ ತುಂಬಿಸುತ್ತೇನೆ. ಎಣ್ಣೆ ಸುರಿಯುವ ಮುಚ್ಚಳ, ಗೇಜು, ಕೆಳಗಿನ ಬೋಲ್ಟು, ಮೂರಕ್ಕೂ ಸೀಲು ಬೀಳಲಿ. ಹೊಗೆ ಫಿಲ್ಟರ್ ಮಾತ್ರ ತೊಳೆಯುವುದಿಲ್ಲ, ಇದ್ದ ಹಾಗೇ ಇರಲಿ. ಅದೇ ಡ್ರೈವರ್, ಅದೇ ರಸ್ತೆ, ನಿಂತಲ್ಲೆಲ್ಲ ಇಂಜಿನ್ ಬಂದ್. ಅಮಾವಾಸ್ಯೆಯ ದಿನ ನಿಮ್ಮ ಅಂಗಳದಲ್ಲೇ ಎಲ್ಲರ ಎದುರಿಗೆ ಒಡೆದು ನೋಡೋಣ. ಎಣ್ಣೆ ಏರಿದ್ದರೆ ಅವನು ಕಳ್ಳನಲ್ಲ ಎಂದೆ.

"ಏರಿಲ್ಲಂದ್ರ?" ಎಂದ ಮಾಲಕ.

"ಏರಿಲ್ಲಂದ್ರ ನೀವು ಹೇಳಿದ್ದ ಖರೆ."

ಆತನಿಗೆ ಇದು ಇಷ್ಟವಾಯಿತು. ಸೋದರಳಿಯ ಕೂತು ಮೂರೂ ಸೀಲು ಬಿಗಿದ, ನಂಬರುಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. ಹೊಸ ಎಣ್ಣೆಯಲ್ಲಿ ಒತ್ತಡ ಸರಿಯಾಗಿತ್ತು, ಕೆಂಪು ದೀಪ ಹತ್ತಲಿಲ್ಲ. ಆದರೂ ಒಳಗಿನ ಬೇರಿಂಗುಗಳು ಆಗಲೇ ಸವೆದಿದ್ದವು ಎಂಬುದು ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಇನ್ನೊಮ್ಮೆ ಡೀಸೆಲ್ ಸೇರಿದರೆ ತಡೆಯಲಿಕ್ಕಿಲ್ಲ ಎಂದು ಮಾಲಕನಿಗೆ ಬಾಯಿಬಿಟ್ಟು ಹೇಳಿದೆ. "ಸೇರಿದ್ರ ಅಲ್ಲರಿ? ಆಗ ನೋಡೂಣ" ಎಂದ.

ಹೊರಡುವ ಮುಂಚೆ ಡ್ರೈವರನಿಗೆ ಹಳದಿ ದೀಪದ ವಿಷಯ ಪೂರ್ತಿ ತಿಳಿಸಿ ಹೇಳಿದೆ. ತನ್ನ ಮೇಲಿನ ಆರೋಪ ಎಲ್ಲಿಂದ ಹುಟ್ಟಿತು ಎಂದು ಅವನಿಗೆ ಗೊತ್ತಿರಲಿ ಎಂದು ಹೇಳಿದ್ದು. ಆತ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ಸುಮ್ಮನೆ ಕೇಳಿದ. "ಅಂದ್ರ ನಾ ಬಂದ್ ಮಾಡಿದಾಗೆಲ್ಲ ಇದಕ್ಕ ವಿಷ ಹಾಕ್ದಂಗ ಆಯ್ತು" ಎಂದ. ಹೌದು ಎಂದೆ.

ಕೆಲವು ದಿನ ಬಿಟ್ಟು ಒಂದು ಬೆಳಗ್ಗೆ ನಾನೂ ಗಾಡಿ ಹತ್ತಿದೆ. ಹೇಗೆ ನಡೆಯುತ್ತಿದೆ ಎಂದು ಕಣ್ಣಾರೆ ನೋಡಬೇಕಿತ್ತು. ಔರಾದ ಮುಟ್ಟಿ, ಸಂತಪುರದ ಕಡೆಯ ಹಳ್ಳಿಗಳಿಗೆ ತಿರುಗಿದೆವು. ಎರಡೂ ಕಡೆ ತೊಗರಿ ಹೊಲ. ಪ್ರತಿ ಊರಿನ ಮುಂದೆ ಕ್ಯಾನು ಇಟ್ಟುಕೊಂಡು ಜನ ನಿಂತಿರುತ್ತಿದ್ದರು. ನಿಲ್ಲುವುದು, ಬಂದ್ ಮಾಡುವುದು, ಹೇರುವುದು, ಚಾಲೂ ಮಾಡುವುದು. ನಾಲ್ಕಾರು ಊರು ದಾಟಿದ ಮೇಲೆ ಹಳದಿ ದೀಪ ಹತ್ತಿತು. ಮುಂದಿನ ಊರಿನಲ್ಲಿ ಒಬ್ಬ ಹೆಣ್ಣುಮಗಳು ಕ್ಯಾನಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಡ್ರೈವರ್ ನಿಲ್ಲಿಸಲಿಲ್ಲ. ಆಕೆ ಕೈ ಮಾಡಿದಳು, ಕೂಗಿದಳು. ಇವನು ಕಣ್ಣು ರಸ್ತೆಯ ಮೇಲಿಟ್ಟು ಹೋಗುತ್ತಲೇ ಇದ್ದ. ಮತ್ತೊಂದು ಊರು ಹೋಯಿತು. ಜನವಾಡದ ಕಡೆ ಹೋಗುವ ದೊಡ್ಡ ರಸ್ತೆ ಸಿಕ್ಕಿದ ಮೇಲೆ ವೇಗ ಹೆಚ್ಚಿಸಿದ. ಹಳದಿ ದೀಪ ಆರಿದ ಮೇಲೇ ಬದಿಗೆ ಹಚ್ಚಿ, ತಿರುಗಿಸಿಕೊಂಡು, ಬಿಟ್ಟುಬಂದ ಊರುಗಳಿಗೆ ಹೊರಟ.

"ಇದೇನ್ ಮಾಡ್ಲಕತ್ತಿ ಅಣ್ಣಾ?"

"ದೀಪ ಆರೋತನ ಓಡಿಸ್ಬೇಕು ಅಂತ ನೀವ ಹೇಳಿದ್ರಲ್ರಿ."

"ದಿನಾ ಹಿಂಗ ಮಾಡ್ದಿ?"

"ನೀವು ಹೇಳಿದ್ದ ದಿನದಿಂದ. ಮಾಲಕರು ಬೈತಾರ, ಹಾಲು ತಡ ಆಗ್ತದ ಅಂತ. ಬೈಲಿ. ಇಂಜಿನ್ ಸದ್ದ ಹಗುರ ಆಗ್ಯಾದ ನೋಡ್ರಿ, ನಿಮಗ ಕೇಳಸ್ತದಿಲ್ಲೋ?"

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮಹಾಶಯ ಇಂಜಿನ್ನನ್ನು ಉಳಿಸುತ್ತಿದ್ದ! ಸುಡುವ ಕೆಲಸ ಪ್ರತಿಸಲ ಪೂರ್ತಿಯಾಗುತ್ತಿದ್ದರೆ ಎಣ್ಣೆಗೆ ಡೀಸೆಲ್ ಅಷ್ಟಾಗಿ ಸೇರುವುದಿಲ್ಲ. ಸೇರದಿದ್ದರೆ ಗೇಜು ಏರುವುದಿಲ್ಲ. ಅಮಾವಾಸ್ಯೆಯ ದಿನ ಸೀಲು ಒಡೆದಾಗ ಎಣ್ಣೆ ಮೇಲ್ಗೆರೆಗೆ ಸರಿಯಾಗಿ ನಿಂತಿರುತ್ತದೆ. ಆಗ ಮಾಲಕ ಹೇಳುವುದು ಒಂದೇ ಮಾತು: ನೋಡ್ರಿ, ಸೀಲ್ ಇದ್ದಾಗ ಏರಲಿಲ್ಲ, ಸೀಲ್ ಇಲ್ಲದಾಗ ಏರಿತ್ತು, ಅಂದರೆ ಇವನೇ ಸುರಿಯುತ್ತಿದ್ದ. ಗಾಡಿಯ ಮೇಲಿನ ಅಕ್ಕರೆಯಿಂದ ಆತ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುತ್ತಿದ್ದ. ಶರತ್ತು ಕಟ್ಟಿದವಳು ನಾನು. ದೀಪದ ಮೇಲಿನ ಟಿಕಳಿ ಕಿತ್ತವಳೂ ನಾನೇ.

ಗಾಡಿ ನಿಲ್ಲಿಸಲು ಹೇಳಿದೆ. ರಸ್ತೆ ಬದಿಯ ಜಾಲಿ ಮರದ ಕೆಳಗೆ ಕೂತು ಯೋಚಿಸಿದೆ. ಮಾಲಕನಿಗೆ ಫೋನು ಮಾಡಿ, ಇವನು ದೀಪ ಆರಿಸಿಬಿಟ್ಟಿದ್ದಾನೆ, ಗಡುವು ಮುಂದೂಡಿ ಎಂದರೆ ಆತ ಕೇಳುವವನಲ್ಲ. ಭಂಡಾರ ಎತ್ತು ಎಂದರೆ ಇವನು ಕೇಳುವವನಲ್ಲ. ಉಳಿದ ದಾರಿ ಒಂದೇ ಇತ್ತು. ಇನ್ನುಳಿದ ದಿನಗಳಲ್ಲಿ ಆ ಇಂಜಿನ್ನಿಗೆ ಡೀಸೆಲ್ ಕುಡಿಸಬೇಕು.

"ಅಣ್ಣಾ, ನಾಳಿಯಿಂದ ದೀಪ ಹತ್ತಿದಾಗ ನಿಲ್ಲಿಸ್ಬೇಕು. ನಿಲ್ಲಿಸಿ ಬಂದ್ ಮಾಡ್ಬೇಕು. ಪ್ರತಿ ಊರಾಗ, ಮೊದಲ ಮಾಡ್ದಂಗ."

"ಕೆಡ್ತದಲ್ರಿ."

"ಕೆಡಲಿ."

"ಗೊತ್ತಿಲ್ದ ಮಾಡಿದ್ದು ಬ್ಯಾರೆ ತಂಗಿ. ಈಗ ಗೊತ್ತದ. ಗೊತ್ತಿದ್ದೂ ಹ್ಯಾಂಗ ಕೊಲ್ಲಲಿ? ಇದರ ಮ್ಯಾಲ ಇಷ್ಟ ವರ್ಷ ಉಂಡೀನಿ."

"ನೀ ಕಳ್ಳ ಆಗಬೇಕಂತಿ? ನಿನ್ನ ಹೆಂಡತಿ ಮಕ್ಕಳು ಕಳ್ಳನ ಮನಿಯವ್ರು ಅನ್ನಿಸ್ಕೋಬೇಕು? ಅದು ಕಬ್ಬಿಣ ಅದ. ನಾ ರಿಪೇರಿ ಮಾಡ್ತೀನಿ. ನಿನ್ನ ಹೆಸರು ನಾ ರಿಪೇರಿ ಮಾಡ್ಲಿಕ್ಕ ಬರಂಗಿಲ್ಲ."

ಆತ ಎದ್ದು ಗಾಡಿ ಹತ್ತಿದ. ನಾನು ದಯೆ ತೋರಿಸಲಿಲ್ಲ. ಮುಂದಿನ ಸಲ ದೀಪ ಹತ್ತಿದಾಗ ಪಕ್ಕದಲ್ಲೇ ಕೂತಿದ್ದೆ. ಊರು ಬಂತು, ಬ್ರೇಕ್ ಹಾಕಿದ, ಕೀಲಿಯ ಮೇಲೆ ಕೈಯಿಟ್ಟು ಕೂತುಬಿಟ್ಟ. "ಬಂದ್ ಮಾಡು" ಎಂದೆ. ನನ್ನ ಮುಖ ನೋಡಿದ. "ಮಾಡು ಅಂದೆ." ತಿರುಗಿಸಿದ. ಬಿಸಿ ಫಿಲ್ಟರಿನ ತಗಡು ಟಿಕ್ ಟಿಕ್ ಎನ್ನತೊಡಗಿತು, ಸುಟ್ಟ ವಾಸನೆ ಒಳಗೆ ಬಂತು. ಕ್ಯಾನು ಹೇರುವವರು ಏನೇನೋ ಮಾತಾಡಿಸುತ್ತಿದ್ದರು, ಆತ ಕೆಳಗಿಳಿಯದೆ ಕೀಲಿ ಹಿಡಿದೇ ಕೂತಿದ್ದ. ಆಮೇಲಿನ ದಿನಗಳಲ್ಲಿ ನಾನು ಹೋಗದಿದ್ದರೂ ಬೆಳಗ್ಗೆ ಫೋನು ಹಚ್ಚಿ ಕೇಳುತ್ತಿದ್ದೆ. "ಮಾಡೀನ್ರಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದ. ಅಮಾವಾಸ್ಯೆ ಹತ್ತಿರ ಬಂದಾಗ ತಾನಾಗಿಯೇ ಒಮ್ಮೆ ಫೋನು ಮಾಡಿದ. "ಒಳಗಿಂದ ಕುಟ್ಟಿದಂಗ ಸದ್ದ ಬರ್ಲಕತ್ತದ ತಂಗಿ" ಎಂದ. ಎಣ್ಣೆ ತೆಳ್ಳಗಾಗಿ ಬೇರಿಂಗು ಹೋಗತೊಡಗಿತ್ತು. "ಇನ್ನ ಸ್ವಲ್ಪ ದಿನ ಅಷ್ಟ" ಎಂದು ನಾನು ಫೋನಿಟ್ಟೆ.

ಅಮಾವಾಸ್ಯೆಯ ದಿನ ಭಾಲ್ಕಿಯ ಅಂಗಳದಲ್ಲಿ ಪಿಕಪ್ಪುಗಳು ಸಾಲಾಗಿ ನಿಂತಿದ್ದವು. ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿದ್ದರು. ಕಾಯಿ ಒಡೆಯುವ ಮುಂಚೆ ಇದೊಂದು ಮುಗಿಯಲಿ ಎಂದ ಮಾಲಕ. ಸೋದರಳಿಯ ಮೊಬೈಲಿನ ಫೋಟೊ ಹಿಡಿದು ಸೀಲಿನ ನಂಬರು ತಾಳೆ ನೋಡಿ, ತನ್ನ ಕೈಯಿಂದಲೇ ಮೂರನ್ನೂ ಕತ್ತರಿಸಿದ. ಗೇಜು ತೆಗೆದು ಒರೆಸಿ, ಇಳಿಬಿಟ್ಟು, ಮತ್ತೆ ಎತ್ತಿದೆ. ಎಣ್ಣೆ ಮೇಲ್ಗೆರೆ ದಾಟಿ ನಿಂತಿತ್ತು. ಗೇಜಿನ ತುದಿಯಿಂದ ಒಂದು ಹನಿ ಕಾಗದದ ಮೇಲೆ ಬಿಟ್ಟೆ. ನಡುವೆ ಕಪ್ಪು ಚುಕ್ಕಿ ನಿಂತು, ಸುತ್ತ ತೆಳ್ಳನೆಯ ಉಂಗುರ ಹರಡುತ್ತ ಹೋಯಿತು. ಆ ಉಂಗುರವೇ ಡೀಸೆಲ್. ಡ್ರೈವರುಗಳು ಒಬ್ಬರ ಮೇಲೊಬ್ಬರು ಬಿದ್ದು ಮೂಸಿ ನೋಡಿದರು. "ಹೌದಲೇ, ಡೀಸೆಲ್ ಅದ!" "ಸೀಲ್ ಇದ್ದಂಗ ಅದ!" ನನ್ನ ಎದೆ ಉಬ್ಬಿತು ಎಂದರೆ ಸುಳ್ಳಲ್ಲ.

ಮಾಲಕ ಕಾಗದ ಇಸಿದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಒಪ್ಪಿದೆ. ಇವ ಕಳ್ಳ ಅಲ್ಲ" ಎಂದ. ದೊಡ್ಡ ಮನಸ್ಸಿನವನ ಹಾಗೆ ಡ್ರೈವರನ ಹೆಗಲ ಮೇಲೆ ಕೈಯಿಟ್ಟ. ಕೈಯನ್ನು ಅಲ್ಲೇ ಇಟ್ಟುಕೊಂಡು ನನ್ನನ್ನು ಕೇಳಿದ. "ಮೇಡಂ, ದೀಪ ಹತ್ತಿದಾಗ ಬಂದ್ ಮಾಡಿದ್ರ ಹಿಂಗ ಆಗ್ತದ, ಅಲ್ರಿ?"

"ಹೌದು."

"ಇಂಜಿನ್ ಹಾಳಾಗ್ತದ?"

"ಆಗ್ತದ. ಈಗಾಗಲೇ ಆಗ್ಯಾದ."

"ಇದು ಇವಗ ಗೊತ್ತಿತ್ತು?"

ಎಲ್ಲಿಗೆ ಬಂದೆವು ಎಂದು ಆಗ ನನಗೆ ಹೊಳೆಯಿತು. "ನಾನೇ ಹೇಳಿದ್ದು, ಬಂದ್ ಮಾಡಂತ. ಮಾಡಂಗಿಲ್ಲ ಅಂದಿದ್ದ. ನಾ ಒತ್ತಾಯ ಮಾಡ್ದೆ" ಎಂದೆ.

"ನೀವು ಹೇಳ್ದಿರಿ. ಕೀಲಿ ತಿರುವಿದ ಕೈ ಯಾರ್ದು?" ಡ್ರೈವರನ ಮುಖ ನೋಡಿದ. "ಗೊತ್ತಿದ್ದೂ ಬಂದ್ ಮಾಡ್ದಿ?"

ಇಲ್ಲ ಎನ್ನಬಹುದಿತ್ತು. ನನ್ನ ಕಡೆ ಬೊಟ್ಟು ಮಾಡಬಹುದಿತ್ತು. "ಹೌದ್ರಿ. ಗೊತ್ತಿತ್ತು" ಎಂದ.

"ಕಳ್ಳಗ ಎಣ್ಣಿ ಮ್ಯಾಲ ಆಸಿ ಇರ್ತದ, ಗಾಡಿ ಮ್ಯಾಲ ಹಗಿ ಇರಂಗಿಲ್ಲ. ನೀ ಗೊತ್ತಿದ್ದೂ ನನ್ನ ಗಾಡಿ ಕೊಂದಿ. ನಿನಗಿಂತ ಕಳ್ಳ ಛಲೋ."

ನಾನು ಕೂಗಾಡಿದೆ. ಬಂದ್ ಮಾಡುವುದು ನಿಮ್ಮದೇ ಹುಕುಂ, ಮೊಬೈಲು ಕಿರುಚುತ್ತಿದ್ದುದು ನಿಮ್ಮದೇ, ದೀಪದ ಮೇಲೆ ಟಿಕಳಿ ಹಚ್ಚಿದವನು ನಿಮ್ಮ ಅಳಿಯ, ಸ್ಕ್ಯಾನರ್ ತೋರಿಸಿದಾಗ ನಕ್ಕವರು ನೀವು, ಸೇರಿದರೆ ನೋಡೋಣ ಎಂದವರೂ ನೀವು ಎಂದೆ. ಆತ ಒಂದಕ್ಕೂ ಇಲ್ಲ ಎನ್ನಲಿಲ್ಲ. "ಹೌದ್ರಿ ಮೇಡಂ, ನೀವು ಹೇಳ್ದಿರಿ, ನಾ ನಂಬಲಿಲ್ಲ. ಇವ ನಂಬಿದ್ದ. ನಂಬಿ ಮಾಡ್ದ" ಎಂದ. ಅಲ್ಲಿದ್ದ ಡ್ರೈವರುಗಳಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಅವರವರ ಕೀಲಿ ಅವರವರ ಮುಷ್ಟಿಯಲ್ಲಿತ್ತು.

ಪೂಜೆಯ ತಟ್ಟೆ ಅಲ್ಲೇ ಇತ್ತು. ಡ್ರೈವರ್ ಕೀಲಿಯನ್ನು ಅದರೊಳಗೆ, ಕುಂಕುಮದ ಪಕ್ಕದಲ್ಲಿ ಇಟ್ಟ. ಗಾಡಿಯ ಬಾನೆಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಗೆ ನಡೆದ. ಮಾಲಕ ಕಾಯಿ ಒಡೆದ.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಅವನನ್ನು ಹಿಡಿದೆ. ಸ್ಕೂಟರ್ ನಿಲ್ಲಿಸಿ, ನನ್ನ ಗ್ಯಾರೇಜಿಗೆ ಬಾ, ಗಾಡಿ ತರುವ ಬಿಡುವ ಕೆಲಸ ಇದೆ, ಕಳ್ಳನಲ್ಲ ಎಂದು ಎಲ್ಲರೆದುರಿಗೆ ಒಪ್ಪಿದ್ದಾರಲ್ಲ ಎಂದೆ. ಆತ ನಿಂತ. ದನಿ ಎತ್ತರಿಸಲಿಲ್ಲ.

"ತಂಗಿ, ನಾ ಭಂಡಾರ ಎತ್ತಲಿಲ್ಲ, ಪಾಪ ಬ್ಯಾಡ ಅಂತ. ನಿಮ್ಮ ಮಾತ ಕೇಳಿ ದಿನಾ ಮಾಡ್ದೆ. ನಿಮ್ಮ ಹತ್ರ ಹ್ಯಾಂಗ ಬರ್ಲಿ?"

ನನಗೆ ಬಂದದ್ದು ಸಿಟ್ಟು. ಕೆಲಸ ಬಿಟ್ಟು, ಗಿರಾಕಿಯ ಜೊತೆ ಜಗಳ ಕಟ್ಟಿಕೊಂಡು, ಇಷ್ಟೆಲ್ಲ ಮಾಡಿದ್ದು ಯಾರ ಸಲುವಾಗಿ? "ಹಂಗಾದ್ರ ಹೋಗು" ಎಂದು ಸ್ಕೂಟರ್ ತಿರುಗಿಸಿ ಬೀದರಿಗೆ ಬಂದುಬಿಟ್ಟೆ. ದಾರಿ ತುಂಬ ಅವನಿಗೆ ಉತ್ತರ ಹೇಳುತ್ತಲೇ ಬಂದೆ. ಮನೆ ಮುಟ್ಟಿದ ಮೇಲೆ ಕೈಕಾಲು ತೊಳೆಯಲು ಕೂತವಳು ಅಲ್ಲೇ ಅತ್ತುಬಿಟ್ಟೆ.

ಗಾಡಿ ಎಳೆದುಕೊಂಡು ನನ್ನ ಹತ್ತಿರವೇ ಬಂತು. ಕೆಳಗಿನ ಎಣ್ಣೆ ಚೇಂಬರ್ ಬಿಚ್ಚಿದರೆ ಬೇರಿಂಗುಗಳ ಬಿಳಿ ಪದರ ಹೋಗಿ ತಾಮ್ರ ಹೊಳೆಯುತ್ತಿತ್ತು. ಕ್ರ್ಯಾಂಕ್ ದಂಡಕ್ಕೆ ಸಾಣೆ ಹಿಡಿಸಿ, ಬೇರಿಂಗು ಹಾಕಿ, ಹೊಗೆ ಫಿಲ್ಟರಿನ ಬೂದಿ ತೊಳೆಸಿ ಇಂಜಿನ್ ಕಟ್ಟಿದೆ. ಮಾಲಕ ಈಗ ನಾನು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದ. ಎಲ್ಲ ಗಾಡಿಗಳಿಗೂ ಬೂದಿ ಕಡಿಮೆಯ ಎಣ್ಣೆಯೇ ಬರಲಿ ಎಂದ. ಪುಸ್ತಕದ ಅರ್ಧಕ್ಕೇ ಬದಲಿಸಿ ಎಂದ. ಕಿರುಚುವ ಯಂತ್ರವನ್ನೂ ಕೀಳಿಸಿದ.

ಗಾಡಿ ಒಯ್ಯಲು ಬಂದ ದಿನ ಗ್ಯಾರಂಟಿ ಕೇಳಿದ. ಎಣ್ಣೆಗೆ ಗ್ಯಾರಂಟಿ ಕೊಡುತ್ತೇನೆ, ಓಡಿಸುವವನಿಗೆ ಕೊಡಲಾರೆ ಎಂದೆ. ಹಳದಿ ದೀಪ ಹತ್ತಿದರೆ ಆರುವತನಕ ಓಡಿಸಬೇಕು, ದಿನಾ ಬೆಳಗ್ಗೆ ಗೇಜು ನೋಡಬೇಕು, ಸದ್ದು ಬದಲಾದರೆ ಕಿವಿಗೆ ಬೀಳಬೇಕು. ಬೈಗುಳ ತಿಂದರೂ ಗಾಡಿ ಕೆಡಿಸಲು ಮನಸ್ಸು ಬಾರದವನನ್ನು ಕೂರಿಸಿ ಎಂದೆ.

ಮಾಲಕ ನಿಟ್ಟುಸಿರು ಬಿಟ್ಟ. "ಅಂಥಾ ಡ್ರೈವರ್ ಈಗ ಎಲ್ಲಿ ಸಿಗ್ತಾರ್ರಿ ಮೇಡಂ?"

ತಮಾಷೆಗೆ ಅಂದದ್ದಲ್ಲ. ಮುಖ ಸಪ್ಪಗಿತ್ತು, ನಿಜವಾದ ಬೇಸರದಿಂದಲೇ ಕೇಳಿದ್ದ. ನಾನು ಮುಚ್ಚಳ ತೆಗೆದು ಹೊಸ ಎಣ್ಣೆ ಸುರಿಯತೊಡಗಿದೆ.